ಕೊಡುವುದನ್ನು ಜಗಲಿಗೆ ತಂದಿಡೋಣ

ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತೆಂದರೆ ಕ್ಯಾಂಪಸ್ಸಿನಲ್ಲಿ ಒಂದು ಐಡಿಯಾ ತಪ್ಪದೆ ತಲೆಯೆತ್ತುತ್ತದೆ. ಹಳೆಯ ಪ್ರಶ್ನೆಪತ್ರಿಕೆ, ಸೀನಿಯರ್‌ಗಳ ನೋಟ್ಸ್, ಲ್ಯಾಬ್ ಮ್ಯಾನ್ಯುಯಲ್, ಜೊತೆಗೆ ಕನ್ನಡ ಸಂಘದ ಹಳೆಯ ಸಂಚಿಕೆಗಳು, ಇವೆಲ್ಲವನ್ನೂ ನಮ್ಮದೇ ಸರ್ವರ್‌ಗೆ ಹಾಕಿ, ಯಾರು ಬೇಕಾದರೂ ಬಂದು ಇಳಿಸಿಕೊಳ್ಳಲಿ ಅಂತ ಬಿಟ್ಟರೆ ಹೇಗೆ? ಐಡಿಯಾ ಒಳ್ಳೆಯದು ಎಂದೇ ನಮ್ಮ ಅಭಿಪ್ರಾಯ. ಈಗ ಓಡಾಡುತ್ತಿರುವ ಡ್ರೈವ್ ಲಿಂಕುಗಳು ಯಾವುದೋ ಬ್ಯಾಚಿನ ಯಾರದೋ ಖಾತೆಯಲ್ಲಿವೆ. ಅವರು ಪಾಸಾಗಿ ಕೆಲಸಕ್ಕೆ ಸೇರಿ, ಸ್ಟೋರೇಜ್ ತುಂಬಿತು ಅಂತ ಒಂದು ಭಾನುವಾರ ಅಳಿಸಿಬಿಟ್ಟರೆ ಕಥೆ ಮುಗೀತು. "ರಿಕ್ವೆಸ್ಟ್ ಆಕ್ಸೆಸ್" ಒತ್ತಿ ರಾತ್ರಿಯಿಡೀ ಕಾದು ಕೂತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸ್ವಂತ ಸರ್ವರ್ ಅಂದ ತಕ್ಷಣ ಮೊದಲು ಬರುವ ಪ್ರಶ್ನೆ, "ಹ್ಯಾಕ್ ಆದ್ರೆ ಏನ್ ಮಾಡ್ತೀರಾ?" ಪ್ರಶ್ನೆ ಸರಿ. ಆದರೆ ಅದು ಬೇರೆ ಕಡೆ ಕೈ ತೋರಿಸುತ್ತದೆ. ಸಾರ್ವಜನಿಕರಿಗೆ ಕಡತ ಕೊಡುವ ಸೈಟಿನಲ್ಲಿ ದೊಡ್ಡ ಅನಾಹುತಗಳಾಗಲು ಬೀಗ ಒಡೆಯುವವರು ಬೇಕಾಗಿಲ್ಲ. ಇಡಬಾರದ್ದನ್ನು ನಾವೇ ತೆರೆದ ಜಾಗದಲ್ಲಿ ಇಟ್ಟಿರುತ್ತೇವೆ, ಬಂದವರು ಎತ್ತಿಕೊಂಡು ಹೋಗಿರುತ್ತಾರೆ.

ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದಲ್ಲಿ 2018ರಲ್ಲಿ ನಡೆದದ್ದನ್ನು ನೋಡಿ. ನಮ್ಮ ಆರ್‌ಟಿಐ ಇದ್ದಹಾಗೆ ಅಲ್ಲೂ ಮಾಹಿತಿ ಹಕ್ಕಿನ ಕಾನೂನಿದೆ. ಜನ ಕೇಳಿ ಪಡೆದ ದಾಖಲೆಗಳನ್ನು ಸರ್ಕಾರ ಒಂದು ಪೋರ್ಟಲ್‌ನಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿತ್ತು. ಪ್ರತಿ ದಾಖಲೆಯ ವಿಳಾಸದ ಕೊನೆಯಲ್ಲಿ ಒಂದು ಸಂಖ್ಯೆ. ಹ್ಯಾಲಿಫ್ಯಾಕ್ಸ್‌ನ 19 ವರ್ಷದ ಹುಡುಗನೊಬ್ಬ ಶಿಕ್ಷಕರ ವಿವಾದದ ಬಗ್ಗೆ ಹುಡುಕುತ್ತಿದ್ದ. ಒಂದೊಂದೇ ತೆರೆದು ನೋಡುವುದು ಯಾರಿಗೆ ಬೇಕು? ಸಂಖ್ಯೆಯನ್ನು ಒಂದೊಂದಾಗಿ ಏರಿಸುತ್ತಾ ಎಲ್ಲವನ್ನೂ ಇಳಿಸಿಕೊಳ್ಳುವ ಚಿಕ್ಕ ಸ್ಕ್ರಿಪ್ಟ್ ಬರೆದ. ನಮ್ಮಲ್ಲಿ ಯಾರಾದರೂ ಇದನ್ನೇ ಮಾಡುತ್ತಿದ್ದರು. ಸುಮಾರು 7,000 ದಾಖಲೆ ಬಂತು. ಸಮಸ್ಯೆ ಏನೆಂದರೆ, ಅರ್ಜಿ ಹಾಕಿದವರಿಗೆ ಮಾತ್ರ ಕೊಡಬೇಕಾಗಿದ್ದ, ಖಾಸಗಿ ವಿವರ ಮುಚ್ಚದ ಸುಮಾರು 250 ದಾಖಲೆಗಳೂ ಅದೇ ಸರ್ವರ್‌ನಲ್ಲಿ ಅದೇ ಸಂಖ್ಯಾಸರಣಿಯಲ್ಲಿದ್ದವು. ಮುಖಪುಟದಲ್ಲಿ ಅವುಗಳ ಲಿಂಕ್ ಇರಲಿಲ್ಲ, ಅಷ್ಟೇ. ನೌಕರರೊಬ್ಬರು ಸಂಖ್ಯೆಯನ್ನು ತಪ್ಪಾಗಿ ಟೈಪ್ ಮಾಡಿ ಬೇರೆಯದೇ ದಾಖಲೆ ತೆರೆದುಕೊಂಡಾಗಲೇ ಸರ್ಕಾರಕ್ಕೆ ವಿಷಯ ಗೊತ್ತಾದದ್ದು. ಏಪ್ರಿಲ್‌ನಲ್ಲಿ ಪೊಲೀಸರು ಹುಡುಗನ ಮನೆಗೆ ನುಗ್ಗಿ ಕಂಪ್ಯೂಟರ್‌ಗಳನ್ನು ಹೊತ್ತೊಯ್ದರು. ಮೇ ತಿಂಗಳಲ್ಲಿ ಪ್ರಕರಣ ಕೈಬಿಟ್ಟರು. ಮುಂದಿನ ವರ್ಷ ಪ್ರಾಂತ್ಯದ ಖಾಸಗಿತನ ಆಯುಕ್ತರ ವರದಿ ಬೊಟ್ಟು ಮಾಡಿದ್ದು ಇಲಾಖೆಯ ಕಡೆಗೆ.

ಆ ಹುಡುಗ ನಮ್ಮ ಎರಡನೇ ವರ್ಷದವರ ವಯಸ್ಸಿನವನು. ಮಾಡಿದ್ದು ತೆರೆದಿದ್ದ ಪುಟಗಳನ್ನು ತೆರೆದದ್ದು. ನಮ್ಮ ಐಟಿ ಕಾಯಿದೆಯ 43ನೇ ಸೆಕ್ಷನ್ನಿನಲ್ಲೂ ಮಾಲೀಕರ ಅನುಮತಿಯಿಲ್ಲದೆ ದತ್ತಾಂಶ ಇಳಿಸಿಕೊಳ್ಳುವುದು ತಪ್ಪಿನ ಪಟ್ಟಿಯಲ್ಲಿದೆ. ಅಂದರೆ ಸೈಟ್ ನಡೆಸುವವರು ಸೋಮಾರಿತನ ಮಾಡಿದರೆ, ಕುತೂಹಲದ ಜೂನಿಯರ್ ಒಬ್ಬ ಸಿಕ್ಕಿಹಾಕಿಕೊಳ್ಳಬಹುದು. ಕೊಡುವವರ ಜವಾಬ್ದಾರಿ ಕಡತಗಳಿಗೆ ಮಾತ್ರ ಸೀಮಿತವಲ್ಲ, ಬರುವವರ ಮೇಲೂ ಇದೆ ಎನ್ನುವುದಕ್ಕೆ ಇದೇ ಕಾರಣ. ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ದೊಡ್ಡ ಆಸ್ತಿ-ವಿಮೆ ಕಂಪನಿಯಲ್ಲೂ 2019ರಲ್ಲಿ ಹೊರಬಿದ್ದದ್ದು ಇದೇ ಬಗೆಯ ದೋಷ. ಲಿಂಕಿನ ಸಂಖ್ಯೆ ಬದಲಿಸಿದರೆ ಸಾಕು, ಇನ್ನೊಬ್ಬರ ದಾಖಲೆ. ಹಾಗೆ ತೆರೆದು ಬಿದ್ದಿದ್ದವು ಸುಮಾರು 88 ಕೋಟಿ. ಕಾಸಿದ್ದವರೂ ಬಿದ್ದ ಗುಂಡಿ ಇದು.

ಹಳೆಯ ಮನೆಗಳಲ್ಲಿ ಜಗಲಿ ಇರುತ್ತಿತ್ತಲ್ಲ. ದಾರಿಹೋಕರು ಬಂದರೆ ಅಲ್ಲೇ ಕೂರಿಸಿ, ಒಳಗಿನಿಂದ ನೀರು ಬೆಲ್ಲ ತಂದುಕೊಡುತ್ತಿದ್ದರು. "ಅಡುಗೆಮನೆ ಅಲ್ಲಿದೆ, ಹೋಗಿ ತಗೊಳ್ಳಿ, ಉಗ್ರಾಣ ಮಾತ್ರ ನೋಡಬೇಡಿ" ಎಂದು ಯಾರೂ ಹೇಳುತ್ತಿರಲಿಲ್ಲ. ನಮ್ಮ ವಾದ ಇಷ್ಟೇ: ನಾವು ಕೆಲಸ ಮಾಡುವ ಫೋಲ್ಡರನ್ನು ಎಂದಿಗೂ ಹೊರಗೆ ತೆರೆಯಬಾರದು. ಕೊಡಬೇಕಾದ ಕಡತದ ಪ್ರತಿಯನ್ನು ಒಬ್ಬರು ನೋಡಿ, ಒಪ್ಪಿ, ಪ್ರತ್ಯೇಕ ಜಾಗಕ್ಕೆ ತಂದಿಡಬೇಕು. ಆ ಜಾಗದಲ್ಲಿ ಬೇರೇನೂ ಇರಕೂಡದು. ಹಾಗಿದ್ದರೆ ನಾಳೆ ಯಾರಾದರೂ ಸ್ಕ್ರಿಪ್ಟ್ ಓಡಿಸಿ ಇದ್ದದ್ದನ್ನೆಲ್ಲ ಬಾಚಿಕೊಂಡರೂ "ಸಂತೋಷ, ಓದ್ಕೊಳ್ಳಪ್ಪ" ಅನ್ನಬಹುದು.

ಇದನ್ನು ಮಾಡುವುದು ಕಷ್ಟವಲ್ಲ. ಪ್ರಶ್ನೆಪತ್ರಿಕೆ ಕೊಡಲು ವರ್ಡ್‌ಪ್ರೆಸ್ ಬೇಕಾಗಿಲ್ಲ, ಡೇಟಾಬೇಸ್ ಬೇಕಾಗಿಲ್ಲ. ಒಂದು ಎಚ್‌ಟಿಎಂಎಲ್ ಪುಟ, ಅದರಡಿ ಪಿಡಿಎಫ್‌ಗಳು, ಮುಂದೆ ಒಂದು ಎಂಜಿನ್‌ಎಕ್ಸ್. ವೆಬ್ ಸರ್ವರ್ ಓಡುವ ಯೂಸರ್‌ಗೆ ಆ ಫೋಲ್ಡರ್ ಓದುವ ಹಕ್ಕು ಮಾತ್ರ, ಬರೆಯುವ ಹಕ್ಕು ಬೇಡ. ನಮ್ಮ ಲ್ಯಾಪ್‌ಟಾಪಿನಿಂದ ಅಲ್ಲಿಗೆ ಆರ್‌ಸಿಂಕ್ ಮೂಲಕ ಒಂದೇ ದಿಕ್ಕಿನ ಸಾಗಣೆ. "ನೀವೂ ನೋಟ್ಸ್ ಕಳಿಸಿ" ಎಂದು ಅಪ್‌ಲೋಡ್ ಬಾಗಿಲು ಇಡುವ ಆಸೆ ಎಲ್ಲರಿಗೂ ಬರುತ್ತದೆ. ಬರಲಿ, ಆದರೆ ಬಂದದ್ದು ನೇರ ಡೌನ್‌ಲೋಡ್ ಫೋಲ್ಡರಿಗೆ ಬೀಳುವಂತೆ ಮಾಡಿದರೆ ನಿಮ್ಮ ಸೈಟಿನಿಂದ ಯಾರೋ ಅಪರಿಚಿತರು ವೈರಸ್ ಹಂಚಲು ಶುರುಮಾಡುತ್ತಾರೆ. ನೋಟ್ಸ್ ಇಮೇಲ್‌ನಲ್ಲೇ ಬರಲಿ.

ಸೆಟ್ಟಿಂಗಿನ ಸಣ್ಣಪುಟ್ಟದ್ದರಲ್ಲೇ ದೊಡ್ಡ ತೂತುಗಳಿರುತ್ತವೆ. ಎಂಜಿನ್‌ಎಕ್ಸ್‌ನಲ್ಲಿ ಲೊಕೇಶನ್ ಸಾಲಿನ ಕೊನೆಯ ಸ್ಲ್ಯಾಶ್ ಬಿಟ್ಟು, ಏಲಿಯಾಸ್ ಸಾಲಿನಲ್ಲಿ ಮಾತ್ರ ಸ್ಲ್ಯಾಶ್ ಹಾಕಿ ನೋಡಿ: ಲಿಂಕಿನಲ್ಲಿ ಎರಡು ಚುಕ್ಕಿ ಸೇರಿಸಿದವರು ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಹೋಗಿಬಿಡುತ್ತಾರೆ. ಒಂದು ಸ್ಲ್ಯಾಶ್ ರೀ! ಪಕ್ಕಾ ತಂತ್ರಾಂಶವೂ ತಪ್ಪುತ್ತದೆ. ಅಪಾಚೆಯ 2.4.49 ಆವೃತ್ತಿಯಲ್ಲಿ ಚುಕ್ಕಿಯನ್ನು ಸಂಕೇತ ರೂಪದಲ್ಲಿ ಕಳಿಸಿ ಫೋಲ್ಡರ್ ದಾಟಿಹೋಗುವ ದೋಷ 2021ರ ಅಕ್ಟೋಬರ್‌ನಲ್ಲಿ ಬಯಲಾಯಿತು, ಅದರ ರಿಪೇರಿಯಾಗಿ ಬಂದ 2.4.50 ಕೂಡ ಪೂರ್ತಿ ಸರಿಯಿರಲಿಲ್ಲ. ಆಗಲೂ, ಮಿಕ್ಕೆಲ್ಲ ಫೋಲ್ಡರುಗಳಿಗೆ "ಯಾರಿಗೂ ಇಲ್ಲ" ಎಂಬ ಸಾಲನ್ನು ಬರೆದಿಟ್ಟಿದ್ದವರು ಬಚಾವಾದರು. ಅಪ್‌ಡೇಟ್ ಮಾಡಿ ಅನ್ನುವುದರ ಜೊತೆಗೆ ಆ ಒಂದು ಸಾಲನ್ನು ತೆಗೆಯಬೇಡಿ ಅನ್ನುವುದನ್ನೂ ಸೇರಿಸಿಕೊಳ್ಳಿ. ಫೋಲ್ಡರಿನ ಪಟ್ಟಿ ತೋರಿಸುವ ಆಟೋಇಂಡೆಕ್ಸ್ ಬೇಡ. ಸಿಮ್‌ಲಿಂಕ್ ಬೇಡ. ಗಿಟ್ ಫೋಲ್ಡರ್ ಅಲ್ಲಿ ಬಂದು ಕೂರಬಾರದು. ಇನ್ನು ರೋಬೋಟ್ಸ್ ಫೈಲಿನಲ್ಲಿ "ಈ ಫೋಲ್ಡರ್ ನೋಡಬೇಡಿ" ಎಂದು ಬರೆದು ಬಚ್ಚಿಟ್ಟೆವು ಎಂದುಕೊಳ್ಳುವವರಿಗೆ ಏನು ಹೇಳೋಣ? ಆ ಫೈಲನ್ನು ಯಾರು ಬೇಕಾದರೂ ಓದಬಹುದು. ಕಳ್ಳನಿಗೆ ಬರೆದುಕೊಟ್ಟ ಚೀಟಿ ಅದು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವುದು ಕಡತದ ಹೊಟ್ಟೆಯೊಳಗಿನ ಸಂಗತಿ. ಹೆಚ್ಚಿನವರು ಎಡವುವುದು ಇಲ್ಲೇ. ಎಕ್ಸೆಲ್‌ನಲ್ಲಿ ಅಡಗಿಸಿದ ಶೀಟ್ ಎರಡು ಕ್ಲಿಕ್ಕಿಗೆ ಹೊರಬರುತ್ತದೆ. ಮೊಬೈಲ್‌ನಲ್ಲಿ ತೆಗೆದ ನೋಟ್ಸ್ ಫೋಟೋ ಒಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರ ಅಳಿಸಿಹೋಗುವುದಿಲ್ಲ. ಟ್ರಂಪ್ ಅವರ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮನಾಫೋರ್ಟ್ ಅವರ ವಕೀಲರು 2019ರ ಜನವರಿಯಲ್ಲಿ ಕೋರ್ಟಿಗೆ ಕೊಟ್ಟ ಕಡತದಲ್ಲಿ ಹೀಗೇ ಆಯಿತು. ಪತ್ರಕರ್ತರು ಕಪ್ಪು ಭಾಗವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರು, ಎಲ್ಲ ಓದಲು ಸಿಕ್ಕಿತು. ಮುಚ್ಚಬೇಕಾದ ಪುಟವನ್ನು ಚಿತ್ರವಾಗಿ ಬದಲಿಸಿ ಕೊಡುವುದು ಒರಟು ದಾರಿ, ಆದರೆ ಕೆಲಸ ಮಾಡುತ್ತದೆ.

ಕನ್ನಡದವರಿಗೆ ಇಲ್ಲೊಂದು ಹೆಚ್ಚಿನ ತಲೆನೋವು. ಹಳೆಯ ಸಂಚಿಕೆಗಳೆಲ್ಲ ನುಡಿ, ಬರಹದ ಆಸ್ಕಿ ಫಾಂಟುಗಳಲ್ಲಿವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. "ದೂರವಾಣಿ", "ವಿಳಾಸ" ಎಂಬ ಪದಗಳಿರುವ ಪುಟಗಳನ್ನು ಹುಡುಕಿ ಕೊಡು ಎಂದು ಸ್ಕ್ರಿಪ್ಟ್ ಬರೆದರೆ ಅದು "ಏನೂ ಇಲ್ಲ" ಎನ್ನುತ್ತದೆ. ಸ್ಕ್ಯಾನ್ ಮಾಡಿದ ಪುಟಗಳಿಗಂತೂ ಮಾತೇ ಇಲ್ಲ. ಹಾಗಾಗಿ ಮನುಷ್ಯರ ಕಣ್ಣೇ ಬೇಕು. ಹಳೆ ಸಂಚಿಕೆಗಳ ಕೊನೆಯಲ್ಲಿ ಸದಸ್ಯರ ಮನೆ ವಿಳಾಸ, ಫೋನ್ ನಂಬರ್ ಅಚ್ಚಾಗಿರುವ ಸಾಧ್ಯತೆ ಇದೆ. ಅಂದು ಅದು ಇನ್ನೂರು ಪ್ರತಿ ಹಂಚುವ ಪುಸ್ತಿಕೆ. ಇಂದು ಅದು ಗೂಗಲ್‌ಗೆ ಸಿಗುವ ಪುಟ. (ಕಡತದ ಹೆಸರನ್ನು ಕನ್ನಡದಲ್ಲೇ ಇಡುವ ಅಭಿಮಾನ ನಮಗೂ ಇದೆ. ಆದರೆ ಲಿಂಕ್ ಕಾಪಿ ಮಾಡಿದರೆ ಒಂದೊಂದು ಯುನಿಕೋಡ್ ಚಿಹ್ನೆಗೆ ಒಂಬತ್ತು ಅಕ್ಷರವಾಗಿ, ವಾಟ್ಸಾಪಿನಲ್ಲಿ ಮೊಳದುದ್ದದ ಹಾವಾಗುತ್ತದೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಪುಟದ ಮೇಲೆ ಕನ್ನಡ ಮೆರೆಯಲಿ.)

"ಇದೆಲ್ಲ ಸ್ವಲ್ಪ ಓವರ್ ಆಯ್ತು, ನಮ್ಮ ಹತ್ರ ಇರೋದೇನು ಮಹಾ" ಎನ್ನುವವರು ಒಂದು ಕ್ಷಣ ಯೋಚಿಸಲಿ. ಫೆಸ್ಟಿಗೆ ಹೆಸರು ಕೊಟ್ಟವರ ಶೀಟ್‌ನಲ್ಲಿ ಏನೇನಿದೆ? ಹೆಸರು, ಯುಎಸ್‌ಎನ್, ಮೊಬೈಲ್ ನಂಬರ್, ಹಾಸ್ಟೆಲ್ ರೂಮ್. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ? ಜಾತಿ ವರ್ಗ, ಕುಟುಂಬದ ಆದಾಯ, ಬ್ಯಾಂಕ್ ಖಾತೆ. ನೋಟಿಸ್ ಬೋರ್ಡಿನ ಹಾಳೆಯನ್ನು ವಾರ ಕಳೆದ ಮೇಲೆ ಕೀಳುತ್ತಾರೆ. ವೆಬ್ಬಿಗೆ ಬಿದ್ದದ್ದನ್ನು ನಾವು ಅಳಿಸಿದರೂ ಇಳಿಸಿಕೊಂಡವರ ಡಿಸ್ಕಿನಲ್ಲಿ ಉಳಿಯುತ್ತದೆ. ನಡುರಾತ್ರಿ ಗೊತ್ತಿಲ್ಲದ ನಂಬರಿನಿಂದ ಕರೆ ಬರುವುದು ಸರ್ವರ್ ನಡೆಸುವವರಿಗಲ್ಲ, ಆ ಶೀಟಿನಲ್ಲಿ ಹೆಸರಿರುವ ಹುಡುಗಿಗೆ. ಸಿಮ್ ಬದಲಿಸಬೇಕಾದವಳೂ ಅವಳೇ.

ಹಾಗಾದರೆ ಲಾಗಿನ್ ಇಟ್ಟುಬಿಡೋಣ ಎಂಬುದು ಇನ್ನೊಂದು ಸಲಹೆ. ನಾವು ಇದನ್ನು ಒಪ್ಪುವುದಿಲ್ಲ. ಲಾಗಿನ್ ಅಂದರೆ ಇಮೇಲ್, ಪಾಸ್‌ವರ್ಡ್ ಕೂಡಿಡುವುದು. ಕಳೆದುಕೊಳ್ಳಲು ಏನೂ ಇಲ್ಲದಿದ್ದ ಸೈಟಿಗೆ ಕಳೆದುಕೊಳ್ಳುವಂಥದ್ದನ್ನು ನಾವೇ ತಂದುಹಾಕಿದಂತೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ ಭದ್ರತೆಯ ಲೋಪಕ್ಕೆ ಗರಿಷ್ಠ ದಂಡ 250 ಕೋಟಿ ರೂಪಾಯಿ. ಕ್ಲಬ್ಬಿನ ಹುಂಡಿ ನೋಡಿ ಯಾರೂ ಅಷ್ಟು ಕೇಳಲಾರರು ಬಿಡಿ. ಆದರೂ ಬೇಡದ ಮಾಹಿತಿ ಕೇಳದಿರುವುದೇ ಅಗ್ಗದ ಭದ್ರತೆ. ಪಕ್ಕದ ಡಿಪ್ಲೊಮಾ ಕಾಲೇಜಿನವರು, ನಮ್ಮ ಖಾತೆಯಿಲ್ಲದ ಊರ ಗೆಳೆಯರು ಕೂಡ ಬಂದು ತೆಗೆದುಕೊಂಡು ಹೋಗಲಿ ಎಂಬುದಕ್ಕೇ ಅಲ್ಲವೇ ಸೈಟ್ ಮಾಡುವುದು? ಗುಟ್ಟಾದದ್ದಕ್ಕೆ ಬೇರೆ ಜಾಗ ಇರಲಿ. ಇಲ್ಲಿ ಗುಟ್ಟೇ ಬೇಡ.

ಹಾಸ್ಟೆಲ್ ರೂಮಿನಲ್ಲೇ ರಾಸ್ಪ್‌ಬೆರಿ ಪೈ ಇಡುತ್ತೇವೆ ಎನ್ನುವ ಉತ್ಸಾಹಿಗಳಿಗೆ ಎರಡು ಮಾತು. ಹೊರಗಿನವರು ಬರುವ ಯಂತ್ರ ರೂಮ್‌ಮೇಟ್‌ಗಳ ಲ್ಯಾಪ್‌ಟಾಪ್ ಇರುವ ನೆಟ್‌ವರ್ಕಿನಲ್ಲೇ ಇರುವುದು ಒಳ್ಳೆಯದಲ್ಲ. ಕಾಲೇಜಿನ ನೆಟ್‌ವರ್ಕ್ ಆದರೆ ಅನುಮತಿಯ ಪ್ರಶ್ನೆಯೂ ಇದೆ. ಲೆಕ್ಕವನ್ನೂ ಹಾಕಿ ನೋಡಿ: 200 ಎಂಬಿಯ ಸ್ಕ್ಯಾನ್ ಕಡತವನ್ನು ಪರೀಕ್ಷೆಯ ಹಿಂದಿನ ರಾತ್ರಿ 300 ಜನ ಎಳೆದರೆ 60 ಜಿಬಿ. ಸೆಕೆಂಡಿಗೆ 100 ಮೆಗಾಬಿಟ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 80 ನಿಮಿಷ ಬೇಕು. ತಿಂಗಳಿಗೆ ಕೆಲವು ನೂರು ರೂಪಾಯಿಯ ಬಾಡಿಗೆ ಸರ್ವರ್ ಹಿಡಿದು, ಕಡತವನ್ನು ಕುಗ್ಗಿಸಿ, ಒಬ್ಬೊಬ್ಬರಿಗೆ ಇಷ್ಟೇ ವೇಗ ಎಂದು ಮಿತಿ ಹಾಕಿದರೆ ರೂಮಿನಲ್ಲಿ ಎಲ್ಲರೂ ನಿದ್ದೆ ಮಾಡಬಹುದು. ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತದೆ, ಅದಕ್ಕೆ ನೆಪ ಹೇಳುವ ಹಾಗಿಲ್ಲ.

ಕೊನೆಗೆ, ಈ ಕೆಲಸವನ್ನು ಯಾರು ಹೊರುತ್ತಾರೆ ಎಂಬುದು ಕ್ಲಬ್ಬಿನ ಮುಂದಿನ ಸಭೆಯಲ್ಲೇ ತೀರ್ಮಾನವಾಗಲಿ ಎಂಬುದು ನಮ್ಮ ಬೇಡಿಕೆ. ಒಬ್ಬರು ಕಡತ ತಂದರೆ ಇನ್ನೊಬ್ಬರು ತೆರೆದು ನೋಡಿ ಒಪ್ಪಬೇಕು. ಇಬ್ಬರಲ್ಲಿ ಒಬ್ಬರಾದರೂ ಎರಡನೇ ವರ್ಷದವರಾಗಿರಬೇಕು. ಅಂತಿಮ ವರ್ಷದವರು ಹೊರಡುವ ದಿನ ಅವರ ಎಸ್‌ಎಸ್‌ಎಚ್ ಕೀ ತೆಗೆಯಬೇಕು, ಡೊಮೇನ್ ಅವರ ಕಾರ್ಡಿನಲ್ಲಿದ್ದರೆ ಸಂಘದ ಹೆಸರಿಗೆ ಬರಬೇಕು. ಯಾವ ಕಡತವನ್ನು ಯಾರು ಯಾವಾಗ ಇಟ್ಟರು ಎಂಬ ಪಟ್ಟಿ ಒಂದು ಪುಸ್ತಕದಲ್ಲಿ, ಬೇಕಾದರೆ ಪೆನ್ನಿನಲ್ಲೇ, ಬರೆದಿರಲಿ. "ನನ್ನ ನಂಬರ್ ಇದೆ, ತೆಗೀರಿ" ಎಂದು ಯಾರಾದರೂ ಬರೆದರೆ ಉತ್ತರ ಕೊಡುವ ಒಂದು ಇಮೇಲ್ ವಿಳಾಸ ಪುಟದ ಕೆಳಗೆ ಕಾಣಲಿ. ಬೇಸಿಗೆ ರಜೆಯಲ್ಲೂ ಅದನ್ನು ತೆರೆದು ನೋಡುವವರು ಬೇಕು.