ಮೊದಲು ರೆಸಿಸ್ಟರ್, ಆಮೇಲೆ ಆರ್ಡುಯಿನೊ

ಎಲೆಕ್ಟ್ರಾನಿಕ್ಸ್ ಕಲಿಯುತ್ತೇನೆಂದು ಹಟ ಹಿಡಿದ ಮಗುವಿಗೆ ಈಗ ಪುಣೆಯಲ್ಲಾಗಲಿ ಚೆನ್ನೈಯಲ್ಲಾಗಲಿ ಮೊದಲು ಸಿಗುವುದು ಒಂದು ಬಣ್ಣದ ಪೆಟ್ಟಿಗೆ. ಒಳಗೆ ಆರ್ಡುಯಿನೊ ಬೋರ್ಡು, ದೂರ ಅಳೆಯುವ ಸೆನ್ಸರ್, ಪುಟ್ಟ ಮೋಟಾರು, ಒಂದಷ್ಟು ತಂತಿ. ಪುಸ್ತಕ ಹೇಳಿದ ತೂತಿಗೆ ತಂತಿ ಸಿಕ್ಕಿಸಿ, ಕೊಟ್ಟ ಪ್ರೋಗ್ರಾಮನ್ನು ಹಾಗೇ ತುಂಬಿಸಿದರೆ ಅರ್ಧ ಗಂಟೆಯಲ್ಲಿ ಎಲ್‌ಇಡಿ ಮಿನುಗುತ್ತದೆ. ಅಪ್ಪ ವಿಡಿಯೊ ಮಾಡಿ ಊರಿನಲ್ಲಿರುವ ಅಜ್ಜಿಗೆ ಕಳಿಸುತ್ತಾರೆ. ಎಲ್ಲರಿಗೂ ಸಂತೋಷ. ಆ ಎಲ್‌ಇಡಿಯ ಕಾಲಿಗೆ ಸೇರಿಸಿದ, ಮೈಮೇಲೆ ಬಣ್ಣದ ಪಟ್ಟೆಗಳಿರುವ ಸಣ್ಣ ವಸ್ತು ಯಾಕೆ ಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ವಸ್ತು ರೆಸಿಸ್ಟರ್. ಎಲೆಕ್ಟ್ರಾನಿಕ್ಸ್‌ನ ಮೊದಲ ಪಾಠ ಅದೇ. ಪೆಟ್ಟಿಗೆಯ ವ್ಯಾಪಾರ ಈ ಪಾಠವನ್ನು ಕೊನೆಗೆ ತಳ್ಳಿದೆ. ಎಷ್ಟೋ ಕಡೆ ಪೂರ್ತಿ ಕೈಬಿಟ್ಟಿದೆ. ಅಕ್ಷರ ತಿದ್ದಿಸದೆ ಪ್ರಬಂಧ ನಕಲು ಮಾಡಿಸಿದರೆ ಯಾವ ತಾಯಿತಂದೆಯೂ ಒಪ್ಪುವುದಿಲ್ಲ. ಇಲ್ಲಿ ನಡೆಯುತ್ತಿರುವುದು ಅದೇ, ಆದರೂ ಚಪ್ಪಾಳೆ ಬೀಳುತ್ತಿದೆ.

ರೆಸಿಸ್ಟರಿನ ಪಾಠ ಕಷ್ಟದ್ದೇನಲ್ಲ. 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ. ಸುಮಾರು 2 ವೋಲ್ಟ್ ದಾಟಿದ ಮೇಲೆ ಎಲ್‌ಇಡಿಗೆ ಲಗಾಮು ಇಲ್ಲ. ವೋಲ್ಟೇಜು ಸ್ವಲ್ಪ ಏರಿದರೂ ಒಳಗೆ ಹರಿಯುವ ಕರೆಂಟು ವಿಪರೀತ ಏರಿ ಅದು ಸುಟ್ಟುಹೋಗುತ್ತದೆ. ಹಾಗಾಗಿ ಉಳಿದ 7 ವೋಲ್ಟನ್ನು ಬೇರೆ ಯಾರಾದರೂ ಹೊರಬೇಕು. ಹಳದಿ, ನೇರಳೆ, ಕಂದು ಪಟ್ಟೆಯ ರೆಸಿಸ್ಟರ್ ಎಂದರೆ 470 ಓಮ್. 7ನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪಿಯರ್. ಎಲ್‌ಇಡಿಗೆ ಹಿತವಾದ ಪ್ರಮಾಣ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಷ್ಟೇ. ಆರನೇ ತರಗತಿಯ ಭಾಗಾಕಾರ ಬಂದರೆ ಸಾಕು. ಬೆಲೆ ಒಂದೆರಡು ರೂಪಾಯಿ.

ಇದನ್ನು ಹಾರಿಸಿ ಬೋರ್ಡಿಗೆ ಹೋದ ಮಗುವಿಗೆ ಏನಾಗುತ್ತದೆ? ಒಂದು ದಿನ ರೆಸಿಸ್ಟರ್ ಕಳೆದುಹೋಗಿ ಎಲ್‌ಇಡಿಯನ್ನು ನೇರ ಬೋರ್ಡಿನ ಪಿನ್ನಿಗೆ ಸಿಕ್ಕಿಸುತ್ತದೆ. ಚಿಪ್ಪಿನ ಒಳಗೇ ಅಲ್ಪಸ್ವಲ್ಪ ರೋಧ ಇರುವುದರಿಂದ ದೀಪ ಹೊತ್ತಿಕೊಳ್ಳುತ್ತದೆ! ರೆಸಿಸ್ಟರ್ ಬೇಕಿಲ್ಲ ಎಂಬುದು ಮಗು ಕಲಿತ ಪಾಠ. ಮರುವಾರ ಅದೇ ಧೈರ್ಯದಲ್ಲಿ ಮೋಟಾರನ್ನೂ ಪಿನ್ನಿಗೆ ಕಟ್ಟುತ್ತದೆ. ಆರ್ಡುಯಿನೊ ಯುನೊದ ಒಂದು ಪಿನ್ನು ತಡೆಯುವ ಗರಿಷ್ಠ ಮಿತಿ 40 ಮಿಲಿಆಂಪಿಯರ್. ಆಟಿಕೆಯ ಮೋಟಾರು ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ನಡುವೆ ಟ್ರಾನ್ಸಿಸ್ಟರ್ ಬೇಕು, ಮೋಟಾರಿಗೆ ಅಡ್ಡಲಾಗಿ ಡಯೋಡ್ ಬೇಕು; ಇಲ್ಲದಿದ್ದರೆ ಮೋಟಾರು ನಿಲ್ಲಿಸಿದ ಗಳಿಗೆಯಲ್ಲಿ ಅದರ ಸುರುಳಿ ತಿರುಗಿ ಒದೆಯುವ ವೋಲ್ಟೇಜು ಪಕ್ಕದ ಭಾಗವನ್ನು ಸುಡುತ್ತದೆ. ಪಿನ್ನು ಸತ್ತಾಗ ಮಗುವಿಗೆ ಕಾರಣ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. "ಬೋರ್ಡು ಚೆನ್ನಾಗಿಲ್ಲ, ಬೇರೆ ತರಿಸೋಣ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮನೆಯಲ್ಲೊಬ್ಬ ಎಂಜಿನಿಯರ್ ತಯಾರಾಗುವ ಬದಲು ಒಬ್ಬ ಗಿರಾಕಿ ತಯಾರಾದ.

ಪೆಟ್ಟಿಗೆಯ ಪರ ಇರುವವರ ವಾದವೂ ಹುರುಳಿಲ್ಲದ್ದಲ್ಲ. ಮಕ್ಕಳಿಗೆ ಓಡುವ ರೋಬೊ ಬೇಕು, ಸೂತ್ರ ಹೇಳಿದರೆ ಎದ್ದು ಹೋಗುತ್ತಾರೆ ಎನ್ನುತ್ತಾರೆ. ಮಕ್ಕಳಿಗೆ ಬೆರಗು ಬೇಕು, ನಿಜ. ಆದರೆ ಬೆರಗಿಗೆ ಬೋರ್ಡೇ ಬೇಕೆಂದಿಲ್ಲ. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸ ಮಾಡಿದ 555 ಎಂಬ ಎಂಟು ಕಾಲಿನ ಚಿಪ್ ಇಂದಿಗೂ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕೆ 10 ಕಿಲೊಓಮ್, 68 ಕಿಲೊಓಮ್ ರೆಸಿಸ್ಟರುಗಳನ್ನೂ 10 ಮೈಕ್ರೊಫ್ಯಾರಡ್ ಕೆಪಾಸಿಟರನ್ನೂ ಸರಿಯಾಗಿ ಸೇರಿಸಿದರೆ ಎಲ್‌ಇಡಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಮಿನುಗುತ್ತದೆ. ಕೆಪಾಸಿಟರ್ ತೆಗೆದು 100ರದ್ದು ಹಾಕಿದರೆ ಹತ್ತು ಸೆಕೆಂಡಿಗೊಮ್ಮೆ. ತೊಟ್ಟಿ ದೊಡ್ಡದಾಯಿತು, ತುಂಬಲು ಹೊತ್ತು ಹೆಚ್ಚು ಬೇಕಾಯಿತು. ಮಿನುಗುವ ದೀಪ ಅದೇ. ಆದರೆ ಇಲ್ಲಿ ಯಾಕೆ ಮಿನುಗಿತೆಂದು ಮಗು ಬಾಯಿಬಿಟ್ಟು ಹೇಳಬಲ್ಲದು, ಕನ್ನಡದಲ್ಲೇ.

ಹಣದ ಕೊರತೆ ಎನ್ನುವಂತೆಯೂ ಇಲ್ಲ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಇಟ್ಟಿದ್ದಾರೆ. ಅಷ್ಟು ದುಡ್ಡಿನ ಕೋಣೆಯಲ್ಲಿ ಕೆಟ್ಟ ಸರ್ಕಿಟ್ಟಿನ ಮುಂದೆ ಕೂತು ತಪ್ಪು ಹುಡುಕುವ ಗಂಟೆಗೆ ವೇಳಾಪಟ್ಟಿಯಲ್ಲಿ ಜಾಗ ಇಲ್ಲದಿದ್ದರೆ ಅದು ಪ್ರದರ್ಶನದ ಕೋಣೆಯಾಗುತ್ತದೆ, ಪ್ರಯೋಗಶಾಲೆ ಆಗುವುದಿಲ್ಲ. ಎಲ್ಲೆಲ್ಲೂ ಅದೇ ತಾನಾಗಿ ತೆರೆಯುವ ಕಸದ ಬುಟ್ಟಿ, ಅದೇ ಗೆರೆ ಹಿಡಿದು ಓಡುವ ಬಂಡಿ.

ಹೊರನಾಡಿನ ಕನ್ನಡಿಗರ ಮನೆಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಮುಂಬೈಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ದೆಹಲಿಯಲ್ಲಿ ಕೆಂಪು ಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್. ರಜೆಗೆ ಬೆಂಗಳೂರಿಗೆ ಬಂದರೆ ಎಸ್.ಪಿ. ರಸ್ತೆ. ಬ್ರೆಡ್‌ಬೋರ್ಡ್, ಬ್ಯಾಟರಿ, ಹಿಡಿ ತುಂಬ ರೆಸಿಸ್ಟರ್, ಕೆಲವು ಎಲ್‌ಇಡಿ, ಕೆಪಾಸಿಟರ್, ನಾಲ್ಕು ಟ್ರಾನ್ಸಿಸ್ಟರ್, ಎರಡು 555, ಒಂದು ಸಾದಾ ಮಲ್ಟಿಮೀಟರ್. ಬಿಡಿಭಾಗಗಳನ್ನು ಹೆಸರು ಹೇಳಿ, ಬೆಲೆ ಕೇಳಿ ಕೊಂಡ ಮಗು ಅರ್ಧ ಪಾಠವನ್ನು ಅಂಗಡಿಯಲ್ಲೇ ಕಲಿತಿರುತ್ತದೆ. ನಾಲ್ಕು ಎಲ್‌ಇಡಿ ಸುಟ್ಟರೂ ನಷ್ಟ ಹತ್ತಿಪ್ಪತ್ತು ರೂಪಾಯಿ ಮೀರುವುದಿಲ್ಲ. ಗೋಡೆಯ 230 ವೋಲ್ಟಿನ ಹತ್ತಿರ ಮಾತ್ರ ಸುಳಿಯಬಾರದು. ಬ್ಯಾಟರಿಯಲ್ಲೇ ಕಲಿಯಲು ಬೇಕಾದಷ್ಟಿದೆ.

ಇಷ್ಟಾದ ಮೇಲೆ ಆರ್ಡುಯಿನೊ ಬರಲಿ. ಅದು ಒಳ್ಳೆಯ ಸಾಧನವೇ, ಆದರೆ ಅದರ ಸರದಿ ಎರಡನೆಯದು. ಮಗುವಿನ ಶಾಲೆಯಲ್ಲಿ ರೋಬೊಟಿಕ್ಸ್ ತರಗತಿಗೆ ಶುಲ್ಕ ಕಟ್ಟುವ ಮೊದಲು ತಾಯಿತಂದೆ ಒಂದೇ ಪ್ರಶ್ನೆ ಕೇಳಿದರೆ ಸಾಕು: ದೀಪ ಹೊತ್ತದಿದ್ದ ದಿನ ಮಗುವಿನ ಕೈಗೆ ಮಲ್ಟಿಮೀಟರ್ ಕೊಡುತ್ತೀರೋ, ಹೊಸ ಬೋರ್ಡು ಕೊಡುತ್ತೀರೋ?