ಅಂಟೋದು ರೋಗ, ಜಾತಿಯಲ್ಲ



ಊರಲ್ಲಿ ಎರಡು ಮಾತು ಕೇಳ್ತೀವಿ. ಒಂದು ಅಂಟುಜಾಡ್ಯ, ಇನ್ನೊಂದು ಮುಟ್ಟಿದರೆ ಮೈಲಿಗೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಆದರೆ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸುಳ್ಳಿಗೆ ಕಾವಲು ಭದ್ರ, ನಿಜಕ್ಕೆ ದಿಕ್ಕಿಲ್ಲ. ನಮಗೆ ಬೇರೆ ಲೋಟ ಇಡೋದು ಎಲ್ಲರಿಗೂ ನೆನಪಿರುತ್ತೆ. ನಮ್ಮ ಕೇರಿಯ ನೀರಿನ ಪೈಪು ಚರಂಡಿಯೊಳಗೆ ಮುಳುಗಿ ಬರೋದು ಮಾತ್ರ ಯಾರ ಕಣ್ಣಿಗೂ ಬೀಳೋದಿಲ್ಲ.

ಹೋದ ಮಳೆಗಾಲ ಇಂಥದೇ ಒಂದು ಕೇರಿಯಲ್ಲಿ ವಾಂತಿಭೇದಿ ಎದ್ದಿತು. ನಮ್ಮಲ್ಲೊಬ್ಬನ ಅಕ್ಕನ ಮಗು, ಎರಡು ವರ್ಷದ್ದು. ಅಜ್ಜಿ ಹೇಳಿದಳು, "ಭೇದಿ ಆಗ್ತಿರೋ ಕೂಸಿಗೆ ನೀರು ಕೊಡಬ್ಯಾಡ್ರಪ್ಪಾ, ಇನ್ನೂ ಜಾಸ್ತಿ ಆಯ್ತದೆ." ಪ್ರೀತಿಯಿಂದಲೇ ಹೇಳಿದಳು. ಆಟೋ ಸಿಗೋ ಹೊತ್ತಿಗೆ ಮಗುವಿನ ಕಣ್ಣು ಒಳಕ್ಕೆ ಹೋಗಿತ್ತು. ಉಳಿಯಲಿಲ್ಲ. ಅಜ್ಜಿಯನ್ನು ಬೈಯೋಕೆ ನಮಗೆ ಬಾಯಿಲ್ಲ. ನಾವು ಬಿ.ಎ. ಓದಿದೋರು. ಪದ್ಯ ಬರೀತೀವಿ, ಮೆರವಣಿಗೆಯಲ್ಲಿ ಕೂಗ್ತೀವಿ. ಆ ದಿನ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು ಅನ್ನೋದು ನಮಗೂ ಗೊತ್ತಿರಲಿಲ್ಲ.

ಇದೇನು ಹೊಸ ವಿದ್ಯೆಯಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಬಡಿದು ಸಾಯುತ್ತಿದ್ದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಗ್ಲೂಕೋಸು, ಉಪ್ಪು, ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಷ್ಟು ವರ್ಷದ ವಿದ್ಯೆ ನಮ್ಮ ಕೇರಿಯ ಒಲೆ ಹತ್ತಿರಕ್ಕೆ ಇನ್ನೂ ಬಂದಿಲ್ಲ ಅಂದರೆ ತಪ್ಪು ಯಾರದು? ಸರ್ಕಾರದ್ದು. ನಮ್ಮದೂ ಹೌದು.

ರೋಗಾಣು ಜಾತಿ ಕೇಳೋದಿಲ್ಲ, ದಾರಿ ಕೇಳುತ್ತೆ. ಕಾಲರಾ, ಟೈಫಾಯಿಡ್, ಆಮಶಂಕೆ, ಒಂದು ಜಾತಿಯ ಕಾಮಾಲೆ, ಇವು ಮಲದಿಂದ ನೀರಿಗೆ, ಕೈಗೆ, ಅನ್ನಕ್ಕೆ ಬರ್ತವೆ. ಕ್ಷಯ, ದಡಾರ, ಕೋವಿಡ್ ಉಸಿರಿನಲ್ಲಿ ಬರ್ತವೆ. ಮಲೇರಿಯಾ, ಡೆಂಗಿ, ಚಿಕೂನ್‌ಗುನ್ಯಾ ಸೊಳ್ಳೆ ತರುತ್ತೆ. ಬರಿಗಾಲಲ್ಲಿ ನಡೆಯೋನ ಅಂಗಾಲಿನಿಂದ ಕೊಕ್ಕೆಹುಳ ಒಳಗೆ ಹೋಗಿ ರಕ್ತ ಹೀರುತ್ತೆ. ದಾರಿ ಕಡಿದರೆ ರೋಗ ನಿಲ್ಲುತ್ತೆ. ರೋಗ ತಡೆಯೋದು ಅಂದರೆ ಇಷ್ಟೇ. ಆದರೆ ಈ ದಾರಿಗಳೆಲ್ಲ ಯಾಕೆ ನಮ್ಮ ಕೇರಿಗೇ ಬಂದು ಸೇರ್ತವೆ? ಅದಕ್ಕೆ ಉತ್ತರ ಡಾಕ್ಟರ ಹತ್ತಿರ ಇಲ್ಲ, ಊರಿನ ನಕ್ಷೆಯಲ್ಲಿದೆ.

ನಮ್ಮ ಸೀಮೆಯಲ್ಲಿ ಕೆರೆ ತೂಬು ಎತ್ತಿ ಊರ ಗದ್ದೆಗೆಲ್ಲ ನೀರು ಹಂಚಿದ ನೀರಗಂಟಿ ಬಹುಪಾಲು ನಮ್ಮವನೇ. ಅವನು ಬಿಟ್ಟ ನೀರಲ್ಲಿ ಬೆಳೆದ ಭತ್ತಕ್ಕೆ ಮೈಲಿಗೆ ಇಲ್ಲ. ಅವನು ಬಾವಿಗೆ ಬಿಂದಿಗೆ ಇಳಿಸಿದರೆ ಮೈಲಿಗೆ! 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆ ನೀರು ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಗೆ ಸೆಗಣಿ, ಗಂಜಲ ಸುರಿದು 'ಶುದ್ಧ' ಮಾಡಿದರು. ಸ್ವಾಮಿ, ಕುಡಿಯೋ ನೀರಿಗೆ ರೋಗ ಸೇರಿಸಿದವರು ಯಾರು? ಮಡಿ ಬೇರೆ, ನೈರ್ಮಲ್ಯ ಬೇರೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಿಡುಬಿನ ಕಥೆಯೂ ಹಾಗೇ. ಭಾರತಕ್ಕೆ ಲಸಿಕೆ ಬಂದದ್ದು 1802ರಲ್ಲಿ. ಆಗ ಒಂದು ಮಗುವಿನ ತೋಳಿನ ಕೀವನ್ನು ಇನ್ನೊಂದರ ತೋಳಿಗೆ ದಾಟಿಸುತ್ತಿದ್ದರು. ಕೀಳುಜಾತಿ ಕೂಸಿನ ಕೀವು ಬೇಡ ಅಂತ ಮೇಲಿನವರು ಹಿಂದೆ ಸರಿದದ್ದುಂಟು. ಜೀವಕ್ಕಿಂತ ಜಾತಿ ದೊಡ್ಡದಾಯಿತು. ನಮ್ಮವರೋ, ಅಮ್ಮ ಬಂದವಳೆ ಅಂತ ಬೇವಿನ ಸೊಪ್ಪು ಹಾಸಿ ಕೂತರು. ತಮಟೆ ಬಡಿದು ಮಾರಿಯನ್ನು ಗಡಿ ದಾಟಿಸಿದರು. ಗಡಿ ದಾಟಿದ ಮಾರಿ ಪಕ್ಕದೂರಿಗೆ ಹೋದಳೇ ಹೊರತು ಸಾಯಲಿಲ್ಲ. ಅವಳು ಸತ್ತದ್ದು ಊರು-ಕೇರಿ ಅನ್ನದೆ ಬಾಗಿಲು ಬಾಗಿಲು ತಟ್ಟಿ ರೋಗಿಯನ್ನು ಹುಡುಕಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದಾಗ. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬು. 1980ರಲ್ಲಿ ಲೋಕಕ್ಕೇ ಮುಕ್ತಿ. ಪೋಲಿಯೋ ಕೂಡ ಹೀಗೇ ಹೋಯಿತು, ದೇಶದ ಕೊನೆಯ ಕೇಸು 2011ರ ಜನವರಿಯದು. ಒಂದು ಕೇರಿ ಬಿಟ್ಟರೂ ರೋಗ ಅಲ್ಲೇ ಉಳಿದು ಊರಿಗೆ ವಾಪಸು ಬರುತ್ತೆ. ಇದನ್ನು ಊರಿನವರು ತಿಳಿದುಕೊಂಡರೆ ಅವರಿಗೇ ಒಳ್ಳೆಯದು.

ಈಗ ಕ್ಷಯ. ಮಾಲೂರಿನ ಇಟ್ಟಿಗೆ ಗೂಡಿನ ದೂಳು, ಕಿಟಕಿಯಿಲ್ಲದ ಗುಡಿಸಲು, ಅರೆಹೊಟ್ಟೆ. ರೋಗಕ್ಕೆ ಇನ್ನೇನು ಬೇಕು? ಎರಡು ವಾರ ಕೆಮ್ಮಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಎರಡು ತಿಂಗಳಿಗೆ ಮೈ ಹಗುರಾಯ್ತು ಅಂತ ಬಿಟ್ಟರೆ ಔಷಧಿಗೂ ಬಗ್ಗದ ರೋಗ ಬರುತ್ತೆ. ಊಟಕ್ಕಂತ ತಿಂಗಳಿಗೆ 500 ರೂಪಾಯಿ 2018ರಿಂದ ಕೊಡ್ತಿದ್ದರು, 2024ರ ನವೆಂಬರಿನಿಂದ ಅದು 1000. ಅದು ಭಿಕ್ಷೆಯಲ್ಲ, ಕೇಳಿ ತಗೊಳ್ಳಿ. ಕ್ಷಯ ಬಂದವನನ್ನು ನಾವೇ ಹೊರಗೆ ಹಾಕೋದು ಬೇಡ. ಹೊರಗೆ ಹಾಕಿಸಿಕೊಂಡ ನೋವು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಲ್ಲಿ ನೀರು ವಾರಕ್ಕೊಂದು ಸಲ ಬಂದರೆ ಡ್ರಮ್ಮಲ್ಲಿ ತುಂಬಿಡಲೇಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಅದೇ ತಿಳಿನೀರಲ್ಲಿ. ಅಧಿಕಾರಿಗಳು ಬಂದು "ನಿಮ್ಮ ಜನಕ್ಕೆ ಸ್ವಚ್ಛತೆ ಇಲ್ಲ" ಅಂತಾರೆ. ದಿನಾ ನೀರು ಬಿಡಿ, ಆಮೇಲೆ ಮಾತಾಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ತುಂಬಿಸ್ತಿದ್ದಾರೆ. ಅಂತರ್ಜಲಕ್ಕೆ ಅಂತಾರೆ, ಒಣಗಿದ ಸೀಮೆಗೆ ನೀರು ಬೇಡ ಅನ್ನೋರು ನಾವಲ್ಲ. ಆದರೆ ಎರಡು ಹಂತದ ಶುದ್ಧಿಗೆ ಎಲ್ಲ ರೋಗಾಣುವೂ ಸಾಯೋದಿಲ್ಲ. ಆ ನೀರಲ್ಲಿ ಮೊದಲು ಕಾಲಿಡೋನು ನೀರಗಂಟಿ, ಬಟ್ಟೆ ಒಗೆಯೋಳು ನಮ್ಮ ಅಕ್ಕ.

ತಲೆ ಮೇಲೆ ಮಲ ಹೊರೋದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 70ರ ದಶಕದಲ್ಲೇ ನಿಷೇಧಿಸಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಆದರೂ ಗುಂಡಿ ತುಂಬಿದಾಗ ಊರು ಹುಡುಕೋದು ನಮ್ಮ ಹುಡುಗರನ್ನೇ. ಊರಿನ ರೋಗವನ್ನೆಲ್ಲ ಬರಿಗೈಲಿ ಎತ್ತಿದವರನ್ನೇ ರೋಗದವರು ಅಂತ ದೂರ ಇಟ್ಟರು!

ಅದಕ್ಕೇ ನಾವು ಕೇಳ್ತೀವಿ: ಕೇರಿಯ ಪೈಪು ಚರಂಡಿಯಿಂದ ಮೇಲೆ ಬರಲಿ. ಕೆರೆ ನೀರು, ಬೋರ್‌ವೆಲ್ ನೀರಿನ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಅಂಟಲಿ. ಲಸಿಕೆ ಹಾಕೋರು ಊರ ಬಾಗಿಲಲ್ಲೇ ನಿಲ್ಲದೆ ಕೇರಿಯ ಕೊನೆ ಮನೆವರೆಗೂ ಬರಲಿ.

ನಾವೂ ಮಾಡೋಣ. ನೀರು ಕುದಿಸಿ ಕುಡಿಯೋಣ. ಮಲಕ್ಕೆ ಹೋಗಿ ಬಂದ ಮೇಲೆ, ಉಣ್ಣೋಕೆ ಮುಂಚೆ ಸೋಪಲ್ಲಿ ಕೈ ತೊಳೆಯೋಣ. ಡ್ರಮ್ಮು ಮುಚ್ಚಿಡೋಣ, ವಾರಕ್ಕೊಮ್ಮೆ ಉಜ್ಜಿ ತೊಳೆಯೋಣ. ನೆಗಡಿಗೆಲ್ಲ ಸೂಜಿ ಚುಚ್ಚಿಸೋದು ಬಿಡೋಣ. ಪ್ರತಿ ಸಭೆಯಲ್ಲೂ ಹಾಡು ಮುಗಿದ ಮೇಲೆ ಉಪ್ಪು-ಸಕ್ಕರೆ ನೀರು ಮಾಡೋದನ್ನು ಒಬ್ಬರು ತೋರಿಸಲಿ. ಅಜ್ಜಿಯರನ್ನು ಮುಂದಿನ ಸಾಲಲ್ಲಿ ಕೂರಿಸೋಣ.

ಆ ಮಗುವಿಗೆ ನಾವು ಬರೆದ ಪದ್ಯ ಯಾವ ಉಪಯೋಗಕ್ಕೂ ಬರಲಿಲ್ಲ. ಈ ಬರಹ ಇನ್ನೊಂದು ಮಗುವಿಗಾದರೂ ಬರಲಿ.

ಜೈ ಭೀಮ್.