ಅಕ್ಕನ ಸಹಿ ಬೇಕು, ಅಕ್ಕನಿಗೆ ಪಾಲು ಬೇಡ್ವಾ?

ಅಪ್ಪ ವಿಲ್ ಬರೆಯದೆ ತೀರಿಕೊಂಡ್ರೆ ನಮ್ಮ ಕೇರಿಗಳಲ್ಲಿ ಏನಾಗುತ್ತೆ ಅಂತ ನಾನು ನೋಡ್ತಾನೇ ಇದ್ದೀನಿ. ಅಕ್ಕ-ತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು, ಬದಲಿಗೆ ಒಂದು ಸೀರೆ, ಅರಿಶಿನ-ಕುಂಕುಮ. ಕೆಲವರು ಅಷ್ಟೂ ಮಾಡಲ್ಲ, ವಂಶವೃಕ್ಷದಲ್ಲೇ ಹೆಣ್ಮಕ್ಕಳ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸ್ಕೋತಾರೆ.

ಮೇಲ್ಜಾತಿಯವರ ಕತೆ ಅಲ್ಲ ಇದು. ಏಪ್ರಿಲ್ 14ಕ್ಕೆ ನೀಲಿ ಶಾಲು ಹೊದ್ದು ಭಾಷಣ ಮಾಡೋ ನಮ್ಮ ಅಣ್ಣಂದಿರದ್ದೇ. ಅಣ್ಣಾ, 1951ರಲ್ಲಿ ಬಾಬಾಸಾಹೇಬರು ಮಂತ್ರಿಗಿರಿ ಬಿಟ್ಟಿದ್ದು ಯಾಕೆ? ಹೆಣ್ಣಿಗೆ ಆಸ್ತಿ ಹಕ್ಕು ಕೊಡೋ ಹಿಂದೂ ಕೋಡ್ ಬಿಲ್‌ನ ಮೂಲೆಗೆ ತಳ್ಳಿದ್ದಕ್ಕೂ ಅಲ್ವಾ?

ವಿಲ್ ಇಲ್ಲದೆ ಸತ್ತ ಅಪ್ಪನ ಸ್ವಯಾರ್ಜಿತದಲ್ಲಿ ತಾಯಿ, ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿ ಪ್ರಕಾರ ಮಗಳೂ ಹುಟ್ಟಿನಿಂದಲೇ ಹಕ್ಕುದಾರಳು. ಆಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬೌದ್ಧರಾದವರಿಗೂ ಇದೇ ಕಾಯ್ದೆ. ‘ಗ್ರಾಂಟ್ ಜಮೀನು, ಪಿಟಿಸಿಎಲ್ ಇದೆ, ಭಾಗ ಆಗಲ್ಲ’ ಅನ್ನೋದೂ ಸುಳ್ಳು. 1978ರ ಆ ಕಾಯ್ದೆ ಕುಟುಂಬದೊಳಗಿನ ವಿಭಾಗವನ್ನ ಪರಭಾರೆ ಅಂತ ಎಣಿಸಲ್ಲ.

‘ಇರೋದೇ ಎರಡೆಕರೆ, ಹೆಣ್ಮಕ್ಕಳಿಗೂ ಹಂಚಿದ್ರೆ ಏನುಳಿಯುತ್ತೆ?’ ಅಂತೀರಿ. ನಾಲ್ವರು ಗಂಡುಮಕ್ಕಳಿದ್ರೆ ಅದೇ ಎರಡೆಕರೆ ನಾಲ್ಕು ತುಂಡಾಗಲ್ವಾ? ಆಗ ಯಾಕೆ ಈ ಸಂಕಟ ಬರಲ್ಲ? ಆ ಹೊಲದಲ್ಲಿ ಕಳೆ ಕಿತ್ತ ಕೈ ಯಾರದು?

ಭೂಮಿ ಇಲ್ಲದ ಬದುಕು ಏನಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗಂಡ ಬಿಟ್ಟ, ಗಂಡ ಸತ್ತ ನಮ್ಮ ಅಕ್ಕ ಆ ಬದುಕಿಗೇ ವಾಪಸ್ ಹೋಗ್ತಾಳೆ, ನಮ್ಮ ಕೈಯಾರೆ.

ಪೌತಿ ಅರ್ಜಿ ಹಾಕೋ ಮುಂಚೆ ವಂಶವೃಕ್ಷ ತೆಗೆದು ನೋಡಿ. ಅಕ್ಕಂದಿರೇ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಜೈಭೀಮ್.